ಅಜ್ಜನ ಲೋಟದ ತಳದ ಗುಟುಕು

ಬೆಳಿಗ್ಗೆ ಐದೂವರೆಗೆ ಮಾವನಿಗೆ ಕರಿಕಾಫಿ ಆಗಬೇಕು. ಜಡಿಮಳೆಯಿರಲಿ, ಕಾಫಿ ಕುಯ್ಲಿನ ಚಳಿಯಿರಲಿ, ಸ್ಟೀಲ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಜಗಲಿಯ ಮೂಲೆಯ ಕುರ್ಚಿಯಲ್ಲಿ ಕೂತು, ಸಿಲ್ವರ್ ಮರಗಳ ಮೇಲಿಂದ ಮಂಜು ಸರಿಯುವುದನ್ನು ನೋಡುತ್ತಾ ಕುಡಿಯುತ್ತಾರೆ. ನಾನು ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಅರಕಲಗೂಡಿನಿಂದ ಕೊಡಗಿನ ಮಾದಾಪುರದ ಈ ಮನೆಗೆ ಬರುತ್ತಿದ್ದಾಗಲೂ ಅದೇ ಕುರ್ಚಿ, ಅದೇ ಹೊತ್ತು. ಅವರು ನನ್ನ ಅಮ್ಮನ ಅಣ್ಣ. ಮದುವೆಗೆ ಮುಂಚೆಯೂ ಮಾವ, ಮದುವೆಯಾದ ಮೇಲೂ ಮಾವ. ಆಗೆಲ್ಲ ಅವರದ್ದು ಬೆಲ್ಲದ ಕಾಫಿ. ಸಕ್ಕರೆ ಕಾಯಿಲೆ ಬಂದ ಮೇಲೆ ಬೆಲ್ಲದ ಜಾಗಕ್ಕೆ ಪುಟ್ಟದೊಂದು ಬಿಳಿ ಡಬ್ಬಿ ಬಂತು. ಅದರ ತಲೆ ಒತ್ತಿದರೆ ಟಕ್ ಎಂದು ಒಂದು ಗುಳಿಗೆ ಬೀಳುತ್ತದೆ. ಲೋಟಕ್ಕೆ ಎರಡು ಟಕ್.

ಆ ಸದ್ದಿಗೇ ನನ್ನ ಮಗಳು ಏಳುತ್ತಿದ್ದಳು. ಕಂಬಳಿ ಹೊದ್ದುಕೊಂಡೇ ಹೋಗಿ ಅಜ್ಜನ ಮಂಡಿಗೆ ಒರಗಿ ಕೂತರೆ, ಕೊನೆಗೆ ಲೋಟದ ತಳದಲ್ಲಿ ಉಳಿಸಿದ ಗುಟುಕು ಅವಳದು. ಇದು ಎಷ್ಟು ದಿನದಿಂದ ನಡೆದಿತ್ತೋ ನನಗೆ ಗೊತ್ತಿರಲಿಲ್ಲ. ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಅವಳ ಪಾಲಿನ ಅಕ್ಕಿ ತೂಗುತ್ತಿರುತ್ತಿದ್ದೆ.

ಅಕ್ಕಿ ತೂಗುವುದು ಯಾಕೆಂದರೆ, ಅವಳಿಗೆ ಹುಟ್ಟಿನಿಂದ ಫಿನೈಲ್‌ಕೀಟೋನ್ಯೂರಿಯಾ. ಆಸ್ಪತ್ರೆಯಲ್ಲಿ ಚಿಕ್ಕದಾಗಿ ಪಿಕೆಯು ಅನ್ನುತ್ತಾರೆ. ನಾವು ತಿನ್ನುವ ಪ್ರೋಟೀನಿನೊಳಗೆ ಫಿನೈಲ್‌ಅಲನೈನ್ ಅಂತ ಒಂದು ಅಮೈನೋ ಆಮ್ಲ ಇರುತ್ತದೆ. ಹಾಲು, ಮೊಟ್ಟೆ, ಮಾಂಸ, ಬೇಳೆ, ಅಕ್ಕಿ, ಯಾವುದೂ ಹೊರತಲ್ಲ. ಮೈಗೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಯಕೃತ್ತಿನ ಒಂದು ಕಿಣ್ವ ಟೈರೋಸಿನ್ ಎಂಬ ಇನ್ನೊಂದು ಅಮೈನೋ ಆಮ್ಲವಾಗಿ ಬದಲಾಯಿಸುತ್ತದೆ. ಅವಳಲ್ಲಿ ಆ ಕಿಣ್ವ ಹೆಚ್ಚುಕಡಿಮೆ ಕೆಲಸವನ್ನೇ ಮಾಡುವುದಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಪಲ್ಪರ್. ಅದನ್ನೇ ಹಿಡಿದು ನನ್ನ ಗಂಡ ಇದನ್ನು ಮಾವನಿಗೆ ಹೇಳಿದ್ದು ಹೀಗೆ: "ಪಲ್ಪರ್ ಕೆಟ್ಟು ನಿಂತರೆ ಕುಯ್ದ ಹಣ್ಣು ಏನಾಗುತ್ತದೆ ಅಪ್ಪ? ಅಂಗಳದಲ್ಲೇ ರಾಶಿ ಬಿದ್ದು ಹುಳಿಯುತ್ತದಲ್ಲ, ಹಾಗೆ." ರಾಶಿ ಬೀಳುವುದು ರಕ್ತದಲ್ಲಿ, ಪೆಟ್ಟು ಬೀಳುವುದು ಮಿದುಳಿಗೆ. ಗೊತ್ತಾಗದೆ ಬಿಟ್ಟರೆ ಮಗುವಿನ ಬುದ್ಧಿ ಬೆಳೆಯುವುದೇ ಇಲ್ಲ. ಹುಟ್ಟಿದ ಮೊದಲ ವಾರಗಳಲ್ಲೇ ಪಥ್ಯ ಶುರುವಾದರೆ ಉಳಿದ ಮಕ್ಕಳ ಹಾಗೆಯೇ ಓದಿ ಬೆಳೆಯುತ್ತದೆ.

ನಮಗೆ ಗೊತ್ತಾಯಿತು. ಹೆರಿಗೆಯಾದ ಮೂರನೇ ದಿನ ಮೈಸೂರಿನಲ್ಲಿ ಒಬ್ಬ ನರ್ಸ್ ಬಂದು, ಹಿಮ್ಮಡಿ ಚುಚ್ಚಿ ನಾಲ್ಕು ಹನಿ ರಕ್ತ ತೆಗೆಯುವ ಪರೀಕ್ಷೆಯೊಂದಿದೆ, ಕಡ್ಡಾಯವಲ್ಲ, ದುಡ್ಡು ಬೇರೆ, ಮಾಡಿಸಿ ಅಂದರು. ಎಳೆಮಗುವಿಗೆ ಯಾಕೆ ಚುಚ್ಚಿಸುವುದು ಅಂತ ಅಮ್ಮ ಬೇಡವೆಂದರು. ನನಗೂ ಅದೇನೆಂದು ಗೊತ್ತಿರಲಿಲ್ಲ, ಆ ನರ್ಸ್ ಮುಖ ನೋಡಿ ಹ್ಞೂಂ ಅಂದೆ. ಹನ್ನೊಂದನೇ ದಿನ ಫೋನು ಬಂತು. ನಮ್ಮ ದೇಶದಲ್ಲಿ ಎಲ್ಲ ಮಕ್ಕಳಿಗೂ ಈ ಪರೀಕ್ಷೆ ಆಗುವುದಿಲ್ಲ ಎನ್ನುವುದು ನನಗೆ ತಿಳಿದದ್ದೇ ಆಮೇಲೆ. ಹ್ಞೂಂ ಅನ್ನದೇ ಹೋಗಿದ್ದರೆ ಎಂದು ಈಗಲೂ ಕೆಲವು ರಾತ್ರಿ ಎದ್ದು ಕೂರುತ್ತೇನೆ.

ಪಥ್ಯವೆಂದರೆ ಲೆಕ್ಕ. ಅವಳಿಗೆ ದಿನಕ್ಕೆ ಸುಮಾರು 300 ಮಿಲಿಗ್ರಾಂ ಫಿನೈಲ್‌ಅಲನೈನ್ ಸಲ್ಲುತ್ತದೆ. ಒಂದು ಗ್ರಾಂ ಪ್ರೋಟೀನಿಗೆ ಸುಮಾರು 50 ಮಿಲಿಗ್ರಾಂ ಅಂತ ಹಿಡಿಯುತ್ತೇವೆ. ಒಂದು ಕೋಳಿಮೊಟ್ಟೆಯಲ್ಲಿ 330 ದಾಟುತ್ತದೆ, ಅಂದರೆ ಒಂದೇ ಮೊಟ್ಟೆಗೆ ಇಡೀ ದಿನ ಮುಗಿಯಿತು. ನೂರು ಮಿಲಿಲೀಟರ್ ಹಾಲಿಗೆ ಅರ್ಧ ದಿನ ಹೋಯಿತು. ಅಕ್ಕಿಯನ್ನು ಗ್ರಾಂ ಲೆಕ್ಕದಲ್ಲಿ ಕೊಡುತ್ತೇವೆ. ಹಂದಿ ಸಾರು, ಕೋಳಿ ಸಾರು ಇಲ್ಲದ ನೆಂಟರ ಮನೆ ಕೊಡಗಿನಲ್ಲಿ ಯಾವುದಿದೆ? ಎಲ್ಲ ಕಡೆಗೂ ಅವಳ ಡಬ್ಬಿ ಹಿಡಿದೇ ಹೋಗುತ್ತೇವೆ. ಮೈ ಬೆಳೆಯಲು ಬೇಕಾದ ಉಳಿದ ಅಮೈನೋ ಆಮ್ಲಗಳು ಬೆಂಗಳೂರಿನಿಂದ ಬರುವ ಒಂದು ಪುಡಿಯಲ್ಲಿವೆ. ಅದರ ವಾಸನೆಗೆ ನಾನಂತೂ ಇನ್ನೂ ಒಗ್ಗಿಲ್ಲ, ಅವಳು ಮೂಗು ಮುಚ್ಚದೆ ಕುಡಿಯುತ್ತಾಳೆ. ಫಿನೈಲ್‌ಅಲನೈನ್ ಎಂಬ ಹೆಸರನ್ನು ಎಲ್ಲರೂ ಚಿಕ್ಕದಾಗಿ ‘ಫೀ’ ಅನ್ನುತ್ತೇವೆ. "ಇವತ್ತಿನ ಫೀ ಎಷ್ಟು ಉಳಿದಿದೆಯಮ್ಮಾ?" ಎಂದು ಅವಳು ಕೇಳಿದಾಗ ಪಕ್ಕದ ಮನೆಯವರು ಸ್ಕೂಲಿನ ಫೀಸೆಂದೇ ತಿಳಿದಿದ್ದರು.

ಬೆಲ್ಲ, ಸಕ್ಕರೆ, ಜೇನು, ತುಪ್ಪ, ಎಣ್ಣೆ ಇವುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಫೀ ಇಲ್ಲ, ಇದ್ದರೂ ಎಣಿಕೆಗೆ ಬರುವಷ್ಟಿಲ್ಲ. ಜಗತ್ತೆಲ್ಲ ಸಕ್ಕರೆಗೆ ಹೆದರುವ ಈ ಕಾಲದಲ್ಲಿ ನಮ್ಮ ಮನೆಯಲ್ಲಿ ಒಬ್ಬಳಿಗೆ ಸಕ್ಕರೆಯೇ ಅಭಯ. ಅವಳಿಗೆ ಆಗದಿರುವುದು ಸಕ್ಕರೆಗೆ ಬದಲಾಗಿ ಬಂದ ಆ ಬಿಳಿ ಡಬ್ಬಿಯ ಗುಳಿಗೆ.

ಆ ಗುಳಿಗೆ ಆಸ್ಪರ್ಟೇಮ್. 1965ರಲ್ಲಿ ಅಮೆರಿಕದ ಔಷಧ ಕಂಪನಿಯೊಂದರಲ್ಲಿ ಜೇಮ್ಸ್ ಶ್ಲಾಟರ್ ಎಂಬ ರಸಾಯನಶಾಸ್ತ್ರಜ್ಞ ಹೊಟ್ಟೆಹುಣ್ಣಿನ ಮದ್ದಿಗೆಂದು ಕೆಲಸ ಮಾಡುತ್ತಿದ್ದ. ಕಾಗದ ತೆಗೆಯಲು ಬೆರಳು ನೆಕ್ಕಿದಾಗ ಸಿಹಿ ಹತ್ತಿತು. ಎರಡು ಅಮೈನೋ ಆಮ್ಲ ಸೇರಿ ಆದ ವಸ್ತು ಅದು, ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ. ಒಂದು ಆಸ್ಪಾರ್ಟಿಕ್ ಆಮ್ಲ, ಇನ್ನೊಂದು ಫಿನೈಲ್‌ಅಲನೈನ್. ಅದರ ತೂಕದಲ್ಲಿ ನೂರಕ್ಕೆ 56 ಪಾಲು ನಮ್ಮ ಫೀ. ಹೊಟ್ಟೆಗೆ ಹೋದ ಕೂಡಲೇ ಬಿಡಿಬಿಡಿಯಾಗಿ ರಕ್ತಕ್ಕೆ ಸೇರುತ್ತದೆ. ಉಳಿದವರಿಗೆ ಇದು ಒಂದು ತುತ್ತು ಬೇಳೆ ತಿಂದ ಹಾಗೆ, ಕಿಣ್ವ ನೋಡಿಕೊಳ್ಳುತ್ತದೆ.

2021ರ ಆಷಾಢದಲ್ಲಿ ಅವಳಿಗೆ ಏಳು ವರ್ಷ. ತಿಂಗಳಿಗೊಮ್ಮೆ ಬೆರಳು ಚುಚ್ಚಿ ದಪ್ಪ ಕಾಗದದ ಮೇಲೆ ರಕ್ತದ ಹನಿ ಒಣಗಿಸಿ ಬೆಂಗಳೂರಿಗೆ ಅಂಚೆಯಲ್ಲಿ ಕಳಿಸುತ್ತೇವೆ. ಫೀ ಡೆಸಿಲೀಟರಿಗೆ, ಅಂದರೆ ನೂರು ಮಿಲಿಲೀಟರ್ ರಕ್ತಕ್ಕೆ, 2ರಿಂದ 6 ಮಿಲಿಗ್ರಾಂ ಒಳಗಿರಬೇಕು. ಅವಳದ್ದು ಯಾವಾಗಲೂ 5ರ ಆಸುಪಾಸು. ಆ ಸಲ 9 ಅಂತ ಬಂತು. ನನ್ನ ಕೈಕಾಲು ತಣ್ಣಗಾಯಿತು. ತೂಕದ ಯಂತ್ರ ಸರಿಯಿದೆಯೇ ಎಂದು ನಾಣ್ಯ ಇಟ್ಟು ನೋಡಿದೆ. ಬರೆದಿಟ್ಟ ಪುಸ್ತಕ ತಿರುವಿ ಹಾಕಿದೆ. ಎಲ್ಲಾ ಸರಿ. ಮರುದಿನ ಬೆಳಿಗ್ಗೆ ಬೇಗ ಎದ್ದು ಜಗಲಿಗೆ ಬಂದವಳಿಗೆ ಕಂಡದ್ದು ಅಜ್ಜನ ಲೋಟ ಮೊಮ್ಮಗಳ ಬಾಯಲ್ಲಿ.

ನಾನು ಕಿರುಚಿದೆ. ಏನಂದೆ ಎನ್ನುವುದನ್ನು ಇಲ್ಲಿ ಬರೆಯಲಾರೆ. ನನ್ನನ್ನು ಎತ್ತಿ ಆಡಿಸಿದ ಮನುಷ್ಯನಿಗೆ ಅಂಥ ಮಾತು ಆಡಬಾರದಿತ್ತು. ಮಾವ ಉತ್ತರ ಕೊಡಲಿಲ್ಲ. ಆ ಬಿಳಿ ಡಬ್ಬಿಯನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಕನ್ನಡಕ ತಂದು ಮತ್ತೆ ಹಿಡಿದು, "ಇದರಲ್ಲಿ ಎಲ್ಲಿ ಬರೆದಿದೆ ತೋರಿಸು" ಅಂದರು.

ಬರೆದಿತ್ತು. ಡಬ್ಬಿಯ ಅಡಿಯಲ್ಲಿ, ಅಕ್ಕಿಕಾಳಿನ ಅರ್ಧ ಎತ್ತರದ ಇಂಗ್ಲಿಷ್ ಅಕ್ಷರದಲ್ಲಿ: ‘ನಾಟ್ ಫಾರ್ ಫಿನೈಲ್‌ಕೀಟೋನ್ಯೂರಿಕ್ಸ್’. ಆಸ್ಪರ್ಟೇಮ್ ಹಾಕಿದ ತಿನಿಸಿನ ಮೇಲೆ ಈ ಸಾಲು ಇರಲೇಬೇಕು ಎಂಬುದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಅದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು, ಬೇರೆ ಭಾಷೆ ಸೇರಿಸುವುದು ಅವರವರ ಇಷ್ಟ. ಮಾವ ದಿನಪತ್ರಿಕೆಯನ್ನು ಮೊದಲ ಪುಟದಿಂದ ಮಾರುಕಟ್ಟೆ ಧಾರಣೆಯವರೆಗೆ ಒಂದಕ್ಷರ ಬಿಡದೆ ಓದುವವರು. ಅತ್ತೆ ಪಂಚಾಂಗ ಓದಿ ಊರಿಗೇ ಹೇಳುವವರು. ಅವರ ಮೊಮ್ಮಗಳ ಮಿದುಳಿಗೆ ಸಂಬಂಧಪಟ್ಟ ಒಂದೇ ಒಂದು ಸಾಲು ಅವರಿಬ್ಬರಿಗೂ ಓದಲು ಬಾರದ ಭಾಷೆಯಲ್ಲಿತ್ತು. ಅಷ್ಟೇ ಅಲ್ಲ, ಇಂಗ್ಲಿಷ್ ಬಂದವರಿಗೂ ಆ ಪದದಿಂದ ಏನು ತಿಳಿಯಬೇಕು? ಡಿಗ್ರಿ ಓದಿದ ನನಗೇ ಮಗಳು ಹುಟ್ಟುವ ಮುಂಚೆ ಅದು ಯಾವುದೋ ಕಂಪನಿಯ ಹೆಸರಿನಂತೆ ಕಂಡಿತ್ತು. ‘ಪಿಕೆಯು ಇರುವ ಮಕ್ಕಳಿಗೆ ಕೊಡಬೇಡಿ’ ಎಂದು ಕನ್ನಡದಲ್ಲಿ ಹಾಕಲು ಡಬ್ಬಿಯ ಮೇಲೆ ಎಷ್ಟು ಜಾಗ ಬೇಕು? ಈ ಊರಿನ ಅಂಗಡಿಗೆ ಮಾಲು ಬರುತ್ತದೆಯೆಂದ ಮೇಲೆ ಈ ಊರಿನ ಮಾತೂ ಬರಬೇಕು. ಇದನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ಆದರೆ ಆ ದಿನದ ಸಿಟ್ಟಿನ ಅರ್ಧ ತಪ್ಪು ಜಾಗಕ್ಕೆ ಬಿದ್ದಿತ್ತು. ಮಧ್ಯಾಹ್ನ ಬೆಂಗಳೂರಿನ ಆಹಾರತಜ್ಞೆಗೆ ಫೋನು ಮಾಡಿ ಒಂದೇ ಉಸಿರಿಗೆ ಎಲ್ಲ ಒಪ್ಪಿಸಿದೆ. ಅವರು, "ಪೆನ್ನು ತಗೊಳ್ಳಿ" ಅಂದರು. ಒಂದು ಗುಳಿಗೆಯಲ್ಲಿ ಆಸ್ಪರ್ಟೇಮ್ ಎಷ್ಟು? ಡಬ್ಬಿ ನೋಡಿ 18 ಮಿಲಿಗ್ರಾಂ ಅಂದೆ. ಅದರಲ್ಲಿ ಫೀ 10. ಎರಡು ಗುಳಿಗೆಗೆ 20. ಮಗು ಕುಡಿದದ್ದು ಲೋಟದಲ್ಲಿ ಕಾಲು ಪಾಲು ಎಂದೇ ಇಟ್ಟುಕೊಳ್ಳಿ, 5 ಮಿಲಿಗ್ರಾಂ. ಒಂದು ಮಾರಿ ಬಿಸ್ಕತ್ತಿನ ಕಾಲು ತುಂಡಿನಷ್ಟು. "ಇದರಿಂದ 5 ಇದ್ದದ್ದು 9 ಆಗುವುದಿಲ್ಲ. ರಕ್ತ ತೆಗೆಯುವ ಹಿಂದಿನ ವಾರ ಜ್ವರ ಏನಾದರೂ ಬಂದಿತ್ತೇ?"

ಬಂದಿತ್ತು. ನಾಲ್ಕು ದಿನ ಸುಡುವ ಜ್ವರ, ಊಟ ಸೇರಿರಲಿಲ್ಲ. ಜ್ವರದಲ್ಲಿ ಹೊಟ್ಟೆಗೆ ಬೀಳದಿದ್ದರೆ ಮೈ ತನ್ನದೇ ಮಾಂಸಖಂಡ ಕರಗಿಸಿಕೊಳ್ಳುತ್ತದೆ. ಹಾಗೆ ಕರಗಿದ ಪ್ರೋಟೀನಿನಿಂದ ಫೀ ರಕ್ತಕ್ಕೆ ಇಳಿಯುತ್ತದೆ. ಪಿಕೆಯು ಮಕ್ಕಳಲ್ಲಿ ಮಟ್ಟ ಏರಲು ಇದೂ ಒಂದು ದೊಡ್ಡ ಕಾರಣ. ಜ್ವರವೆಂದು ನಾನು ಸಕ್ಕರೆ ನೀರು, ಜೇನು, ಗಂಜಿತಿಳಿ ಹೆಚ್ಚು ಹೆಚ್ಚು ಕೊಡಬೇಕಿತ್ತು. ಹೊಟ್ಟೆಗೆ ಭಾರವಾದೀತು ಎಂದು ಕಡಿಮೆ ಮಾಡಿದ್ದೆ. ಜೊತೆಗೆ ಔಷಧಿ ಅಂಗಡಿಯಲ್ಲಿ ಕೊಟ್ಟ, ಬಾಯಲ್ಲಿ ಕರಗುವ ಕಿತ್ತಳೆ ರುಚಿಯ ಮಾತ್ರೆಯನ್ನು ದಿನಕ್ಕೆ ಮೂರು ಸಲ ಚೀಪಿಸಿದ್ದೆ. ಅದರಲ್ಲೂ ಆಸ್ಪರ್ಟೇಮ್ ಇತ್ತು ಎನ್ನುವುದು ಆಮೇಲೆ ವಿಚಾರಿಸಿದಾಗ ತಿಳಿಯಿತು. ಚೀಪುವ, ಅಗಿಯುವ, ನೀರಿಗೆ ಹಾಕಿದರೆ ನೊರೆ ಬರುವ ಮಾತ್ರೆಗಳಲ್ಲಿ ಇದು ಸಾಮಾನ್ಯ. ಮಾತ್ರೆ ಪಟ್ಟಿಯ ಮೇಲೆ ಸಿಹಿಕಾರಕದ ಹೆಸರು ಎಲ್ಲಾ ಸಲ ಸಿಗುವುದಿಲ್ಲ, ಕೇಳಿಯೇ ತಿಳಿಯಬೇಕು. ಈಗ ನುಂಗುವ ಮಾತ್ರೆಯನ್ನೇ ಪುಡಿ ಮಾಡಿ ಜೇನಿನಲ್ಲಿ ಕೊಡಬಹುದೇ ಎಂದು ಡಾಕ್ಟರನ್ನು ಮೊದಲೇ ಕೇಳುತ್ತೇನೆ. ಎಲ್ಲ ಮಾತ್ರೆಗೂ ಅದು ಆಗುವುದಿಲ್ಲ, ಕೆಲವನ್ನು ಪುಡಿ ಮಾಡಲೇಬಾರದು.

ಅಂದರೆ ಆ ಗುಟುಕು ಅಪರಾಧಿಯಾಗಿರಲಿಲ್ಲ. ಸಂಜೆ ಹೋಗಿ ಮಾವನ ಮುಂದೆ ಕೂತು ಆ ಲೆಕ್ಕವನ್ನು ಕನ್ನಡದಲ್ಲಿ ಬರೆದು ತೋರಿಸಿದೆ. ಅವರು ಕಾಗದವನ್ನು ನಿಧಾನವಾಗಿ ಓದಿ, "ಐದೇ ಆದರೂ ಐದೇ ಅಲ್ಲವೇ" ಅಂದರು. ಆ ಡಬ್ಬಿ ಮಾರನೇ ದಿನದಿಂದ ಜಗಲಿಗೆ ಬರಲಿಲ್ಲ. ಅವರು ಸಿಹಿಯೇ ಇಲ್ಲದ ಕಾಫಿ ಕುಡಿಯತೊಡಗಿದರು, ಮಗಳು ಆ ಗುಟುಕನ್ನು ಉಗಿದಳು.

ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. ಈಗ ಹೊಸದಾಗಿ ಪತ್ತೆಯಾದ ಮಕ್ಕಳ ತಾಯಂದಿರು ಯಾರ ಯಾರ ಮೂಲಕವೋ ನನಗೆ ಫೋನು ಮಾಡುತ್ತಾರೆ. ಬಹಳ ಜನರ ಮೊದಲ ಪ್ರಶ್ನೆ, "ಗೊತ್ತಿಲ್ಲದೆ ಒಂದು ಚೂಯಿಂಗ್ ಗಮ್ ತಿಂದುಬಿಟ್ಟಿದೆ, ಏನಾಗುತ್ತದೆ?" ಒಂದಕ್ಕೆ ಏನೂ ಆಗುವುದಿಲ್ಲ, ಅಳಬೇಡಿ ಅನ್ನುತ್ತೇನೆ. ಇದು ಹಾವಿನ ವಿಷದಂತೆ ಒಂದು ಹನಿಗೆ ಕೊಲ್ಲುವುದಲ್ಲ. ಲೆಕ್ಕಕ್ಕೆ ಸಿಗದೆ ದಿನಾ ಒಳಗೆ ಬರುವುದೇ ಇದರ ಅಪಾಯ. ಸಕ್ಕರೆಯಿಲ್ಲದ ತಂಪು ಪಾನೀಯದ 300 ಮಿಲಿಲೀಟರ್ ಬಾಟಲಿಯಲ್ಲಿ 150 ಮಿಲಿಗ್ರಾಂ ಆಸ್ಪರ್ಟೇಮ್ ಇದ್ದರೆ ಫೀ 84 ಆಯಿತು. ನನ್ನ ಮಗಳ ಇಡೀ ದಿನದ ಪಾಲಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು, ಅದೂ ಹೊಟ್ಟೆಗೆ ಅನ್ನದ ಒಂದು ಅಗುಳೂ ಬೀಳದೆ. ವಾರಕ್ಕೆ ನಾಲ್ಕು ಸಲ ಹೀಗಾದರೆ, ತಾಯಿ ಎಷ್ಟೇ ಅಕ್ಕಿ ತೂಗಿದರೂ ರಕ್ತದ ಲೆಕ್ಕ ಕೂಡುವುದಿಲ್ಲ.

ಹಾಗಿದ್ದರೆ ಯಾವುದು ಆಗುತ್ತದೆ? ಪೊಟ್ಟಣದ ಹಿಂಬದಿಯಲ್ಲಿ ಸಂಖ್ಯೆಗಳಿರುತ್ತವೆ. ನಮಗೆ ಬೇಡವಾದದ್ದು 951, ಅದೇ ಆಸ್ಪರ್ಟೇಮ್. 962 ಕೂಡ ಬೇಡ, ಅದು ಆಸ್ಪರ್ಟೇಮನ್ನೇ ಇನ್ನೊಂದರ ಜೊತೆ ಕೂಡಿಸಿದ ಲವಣ. ಅಸೆಸಲ್ಫೇಮ್ 950, ಸ್ಯಾಕರಿನ್ 954, ಸುಕ್ರಲೋಸ್ 955, ಸ್ಟೀವಿಯಾ 960 ಇವುಗಳಲ್ಲಿ ಫಿನೈಲ್‌ಅಲನೈನ್ ಇಲ್ಲ. 961 ಅಂದರೆ ನಿಯೋಟೇಮ್ ಆಸ್ಪರ್ಟೇಮಿನ ದಾಯಾದಿಯೇ. ಆದರೆ ಸಿಹಿ ಎಷ್ಟು ತೀಕ್ಷ್ಣವೆಂದರೆ ಬಳಸುವುದು ಧೂಳಿನಷ್ಟು, ಅದರಿಂದ ಬಿಡುಗಡೆಯಾಗುವ ಫೀ ಲೆಕ್ಕಕ್ಕೆ ಬರುವುದಿಲ್ಲ. ಗೊಂದಲ ಬರುವುದು 950 ಮತ್ತು 951ನ್ನು ಜೊತೆಯಾಗಿ ಹಾಕಿದಲ್ಲಿ. ಕಂಪನಿಗಳು ಹಾಗೆ ಹಾಕುವುದು ಸಾಮಾನ್ಯ, ಮೊದಲಿನದನ್ನು ಓದಿ ಸಮಾಧಾನವಾಗಿ ನಿಲ್ಲಿಸಿಬಿಡಬಾರದು. ಸಕ್ಕರೆಯೂ ಇದ್ದು ಜೊತೆಗೆ 951 ಕೂಡ ಇರುವ ಪುಡಿಗಳುಂಟು, ಸಕ್ಕರೆ ಕಂಡ ಮಾತ್ರಕ್ಕೆ ನಂಬಬಾರದು.

ಒಮ್ಮೆ ಬೆಂಗಳೂರಿನಲ್ಲಿ ಡಾಕ್ಟರಿಗೆ ಕಾಯುತ್ತಾ ಕೂತಾಗ ಪಕ್ಕದ ಬೆಂಚಿನ ತಾಯಿಯೊಬ್ಬರು ನನ್ನ ಮಗಳು ಬೆಲ್ಲದ ಉಂಡೆ ತಿನ್ನುವುದನ್ನು ಕಣ್ಣರಳಿಸಿ ನೋಡುತ್ತಿದ್ದರು. ಅವರ ಮಗುವಿಗೆ ಹುಟ್ಟಿನಿಂದಲೇ ಫ್ರಕ್ಟೋಸ್ ಆಗುವುದಿಲ್ಲ. ಅದನ್ನು ಒಡೆಯುವ ಆಲ್ಡೊಲೇಸ್ ಬಿ ಎಂಬ ಕಿಣ್ವವಿಲ್ಲ. ಸಕ್ಕರೆ, ಬೆಲ್ಲ, ಜೇನು, ಹಣ್ಣು ಯಾವುದು ತಿಂದರೂ ವಾಂತಿ, ರಕ್ತದಲ್ಲಿ ಗ್ಲೂಕೋಸ್ ಕುಸಿತ, ಯಕೃತ್ತಿಗೆ ಪೆಟ್ಟು. ಅವರು ಹೆದರುವ ಸಂಖ್ಯೆ 420, ಸಾರ್ಬಿಟಾಲ್. ಸಕ್ಕರೆಯಿಲ್ಲದ ಸಿರಪ್ಪುಗಳಲ್ಲಿ, ಮಿಠಾಯಿಗಳಲ್ಲಿ ಅದು ಧಾರಾಳ, ಮೈಯೊಳಗೆ ಹೋದರೆ ಫ್ರಕ್ಟೋಸೇ ಆಗುತ್ತದೆ. ಆಸ್ಪರ್ಟೇಮ್ ಅವರಿಗೆ ತೊಂದರೆಯೇ ಅಲ್ಲ. ನಾವಿಬ್ಬರೂ ನಮ್ಮ ನಮ್ಮ ಪುಸ್ತಕ ತೆರೆದು ಅಕ್ಕಪಕ್ಕ ಇಟ್ಟೆವು. ಅವರ ‘ಕೊಡಬೇಡ’ ಪುಟದಲ್ಲಿದ್ದದ್ದು ನನ್ನ ‘ಕೊಡಬಹುದು’ ಪುಟ. ನನ್ನ ‘ಕೊಡಬೇಡ’ದಲ್ಲಿದ್ದ ಮೊಟ್ಟೆ, ಮೀನು, ಕೋಳಿ ಅವರ ಮಗುವಿನ ದಿನದ ಊಟ. ಕೊಡಗಿನ ಕಿತ್ತಳೆ, ಜೇನು ಎಂದು ನಾನು ಹೆಮ್ಮೆಯಿಂದ ಚೀಲದಲ್ಲಿ ತಂದಿದ್ದೆ, ಅವರಿಗೆ ಕೊಡಲಾಗಲಿಲ್ಲ. ‘ಸುರಕ್ಷಿತ’ ಎಂದು ಯಾರಾದರೂ ಹೇಳಿದರೆ ‘ಯಾರಿಗೆ?’ ಎಂದು ಕೇಳುವ ಅಭ್ಯಾಸ ನನಗೆ ಆ ಬೆಂಚಿನ ಮೇಲೆ ಬಂದದ್ದು.

ಶಾಲೆಯಲ್ಲಿ ಇದು ಇನ್ನೊಂದು ಬಗೆಯಾಗಿ ಎದುರಾಯಿತು. ಮೂರನೇ ಕ್ಲಾಸಿನಲ್ಲಿದ್ದಾಗ ಅವಳ ಟೀಚರ್, ಒಳ್ಳೆಯ ಹೆಣ್ಣುಮಗಳು, ಮಕ್ಕಳ ದಿನಾಚರಣೆಗೆ ಎಲ್ಲರಿಗೂ ಚಾಕಲೇಟು ತಂದು ಇವಳಿಗೆಂದೇ ದುಬಾರಿಯ ಸಕ್ಕರೆರಹಿತ ಚಾಕಲೇಟು ತಂದಿದ್ದರು. ಕಾಯಿಲೆಯ ಮಗು ಅಂದರೆ ಸಕ್ಕರೆ ಆಗದು ಎಂದು ಅವರ ಎಣಿಕೆ. ಅವರ ಪ್ರೀತಿಗೆ ಏನನ್ನಲಿ? ಮಗಳು ಪೊಟ್ಟಣ ತಿರುಗಿಸಿ ನೋಡಿ, ಬೇಡ ಎನ್ನದೆ, "ಮನೆಯಲ್ಲಿ ತಿಂತೀನಿ ಮಿಸ್" ಎಂದು ಚೀಲಕ್ಕೆ ಹಾಕಿಕೊಂಡು ಬಂದಳು. ಎಂಟು ವರ್ಷದ ಮಗುವಿಗೆ ಆ ದಾಕ್ಷಿಣ್ಯ ಎಲ್ಲಿಂದ ಬಂತೋ. ಮರುದಿನ ನಾನು ಹೋಗಿ, ಇವಳಿಗೆ ಕಲ್ಲುಸಕ್ಕರೆ ಕೊಡಿ ಎಂದೆ. ಟೀಚರಿನ ಮೇಜಿನ ಡ್ರಾಯರಿನಲ್ಲಿ ಆ ವರ್ಷವೆಲ್ಲ ಒಂದು ಡಬ್ಬಿ ಕಲ್ಲುಸಕ್ಕರೆ ಇತ್ತು.

2018ರ ಆಗಸ್ಟ್ ನಮ್ಮ ಕಡೆಯವರು ಯಾರೂ ಮರೆಯುವಂಥದ್ದಲ್ಲ. ಮಕ್ಕಂದೂರು, ಹಟ್ಟಿಹೊಳೆಯ ಗುಡ್ಡಗಳು ಜಾರಿದವು, ಮಡಿಕೇರಿ ರಸ್ತೆ ಕಡಿಯಿತು, ನಾವು ಪರಿಹಾರ ಕೇಂದ್ರಕ್ಕೆ ಬಂದೆವು. ಅವಳಿಗೆ ನಾಲ್ಕು ವರ್ಷ. ಪುಡಿಯ ಡಬ್ಬಿಯಲ್ಲಿ ಮೂರು ದಿನಕ್ಕಾಗುವಷ್ಟು ಉಳಿದಿತ್ತು. ನಾಡಿನ ಮೂಲೆಮೂಲೆಯಿಂದ ಜನ ಕಳಿಸಿದ ಹಾಲು, ಬ್ರೆಡ್ಡು, ಬಿಸ್ಕತ್ತು, ಮೊಟ್ಟೆ ರಾಶಿ ರಾಶಿ ಇತ್ತು. ಅದರಲ್ಲಿ ಅವಳಿಗೆ ಕೊಡಬಹುದಾದದ್ದು ಅಕ್ಕಿ, ಸಕ್ಕರೆ, ಒಂದು ಸೀಸೆ ಜೇನು. ಮಕ್ಕಳಿಗೆಲ್ಲ ಹಣ್ಣಿನ ರುಚಿಯ ಪುಡಿ ಕದಡಿ ಕೊಡುತ್ತಿದ್ದರು. ಅವಳು ಕೈಚಾಚಿದಳು. ಕರೆಂಟಿಲ್ಲದ ಆ ಕೇಂದ್ರದಲ್ಲಿ ಮೊಬೈಲ್ ಬೆಳಕು ಹಿಡಿದು ಪೊಟ್ಟಣದ ಹಿಂಬದಿ ಓದಿದೆ. 951. ಸ್ವಯಂಸೇವಕ ಹುಡುಗನೊಬ್ಬ ಯಾಕೆಂದು ಕೇಳಿ ತಿಳಿದುಕೊಂಡು, ಎಲ್ಲಿಂದಲೋ ಮೂರು ಕಿತ್ತಳೆ ಹುಡುಕಿ ತಂದು ಹಿಂಡಿಕೊಟ್ಟ. ನನ್ನ ಗಂಡ ಸುಂಟಿಕೊಪ್ಪದ ಮೇಲೆ ಕುಶಾಲನಗರದವರೆಗೆ ನಡೆದೂ ಜೀಪು ಹತ್ತಿಯೂ ಹೋಗಿ, ಕೊರಿಯರಿನಲ್ಲಿ ಸಿಕ್ಕಿಕೊಂಡಿದ್ದ ಪುಡಿಯ ಡಬ್ಬಿಗಳನ್ನು ಹೆಗಲ ಮೇಲೆ ತಂದರು. ಆ ಪುಡಿಯ ಬೆಲೆ ಬೇರೆಯದೇ ಕಥೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ, ವಿಶೇಷ ಆಹಾರದಿಂದ ನಿಭಾಯಿಸಬಹುದಾದ ಕಾಯಿಲೆಗಳ ಸಾಲಿನಲ್ಲಿ ಪಿಕೆಯು ಹೆಸರಿದೆ ಎನ್ನುವುದನ್ನು ಹೊಸ ತಾಯಂದಿರಿಗೆ ಮರೆಯದೆ ಹೇಳುತ್ತೇನೆ.

2023ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಆಸ್ಪರ್ಟೇಮನ್ನು ‘ಕ್ಯಾನ್ಸರ್ ತರುವ ಸಾಧ್ಯತೆಯುಳ್ಳದ್ದು’ ಎಂಬ 2ಬಿ ಗುಂಪಿಗೆ ಸೇರಿಸಿದಾಗ ಟೀವಿಯಲ್ಲೆಲ್ಲ ಅದೇ ಮಾತು. ಮಾವನಿಗೆ ಆತಂಕವಾಯಿತು, ಇಷ್ಟು ವರ್ಷ ಕುಡಿದೆನಲ್ಲ ಅಂತ. ಆ ಗುಂಪು ಸಾಕ್ಷ್ಯ ಎಷ್ಟಿದೆ ಎನ್ನುವುದನ್ನು ಹೇಳುತ್ತದೆ, ಅಪಾಯ ಎಷ್ಟೆನ್ನುವುದನ್ನಲ್ಲ. ಅದೇ ದಿನ ಅದೇ ಸಂಸ್ಥೆಯ ಇನ್ನೊಂದು ಸಮಿತಿ, ಮೈತೂಕದ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಹಾಗೇ ಉಳಿಸಿತು. ಮಾವನ ತೂಕ 62 ಕಿಲೋ. ಅವರಿಗೆ ಮಿತಿ ದಿನಕ್ಕೆ 2480 ಮಿಲಿಗ್ರಾಂ, ಅಂದರೆ ಆ ಗುಳಿಗೆ ನೂರಕ್ಕೂ ಮೀರಿ. ಇದನ್ನೂ ಬರೆದು ತೋರಿಸಿದೆ. ಆದರೆ ಈ ಮಿತಿ ಪಿಕೆಯು ಇರುವವರಿಗೆ ಅನ್ವಯಿಸುವುದಿಲ್ಲ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2013ರ ತನ್ನ ಪರಿಶೀಲನೆಯಲ್ಲಿ ಅದನ್ನು ಬಿಡಿಸಿಯೇ ಹೇಳಿದೆ. ಟೀವಿಯ ಅಷ್ಟೂ ಚರ್ಚೆಯಲ್ಲಿ, ನಾನು ನೋಡಿದಷ್ಟರಲ್ಲಿ, ಈ ಮಕ್ಕಳ ಮಾತು ಒಮ್ಮೆಯೂ ಬರಲಿಲ್ಲ. ವಾದಕ್ಕೆ ಎಡೆಯಿಲ್ಲದ ಅಪಾಯ ಇದೊಂದೇ ಆಗಿತ್ತು.

ಮಾವನ ವಿಷಯದಲ್ಲಿ ಇನ್ನೊಂದು ಮಾತಿದೆ. ಈ ಕಾಯಿಲೆ ಬರಬೇಕಾದರೆ ತಾಯಿ ತಂದೆ ಇಬ್ಬರಿಂದಲೂ ಕೆಟ್ಟ ಜೀನ್ ಬರಬೇಕು. ನಮ್ಮದು ಸೋದರ ಸಂಬಂಧ. ನನ್ನ ಅಮ್ಮನಲ್ಲೂ ಅವಳ ಅಣ್ಣನಲ್ಲೂ ಬಹುಶಃ ಅದು ಒಂದೇ ಅಜ್ಜಿಯಿಂದಲೋ ತಾತನಿಂದಲೋ ಬಂದಿತ್ತು. ಸಂಬಂಧದಲ್ಲೇ ಕೊಟ್ಟದ್ದು ತಪ್ಪಾಯಿತು ಎಂದು ಅಮ್ಮ ಕೊರಗಿದಳು. ದೂರದವರನ್ನು ಮದುವೆಯಾದವರ ಮಕ್ಕಳಿಗೂ ಇದು ಬಂದಿದೆ ಎಂದು ಎಷ್ಟು ಹೇಳಿದರೂ ಅವಳ ಮನಸ್ಸಿಗೆ ನಾಟಲಿಲ್ಲ. ಒಂದೇ ಕೆಟ್ಟ ಜೀನ್ ಇರುವ ನಮ್ಮಂಥವರಲ್ಲಿ ಕಿಣ್ವ ಅರ್ಧದಷ್ಟು ಇದ್ದರೂ ಸಾಕು, ಎರಡು ಪಲ್ಪರಿನಲ್ಲಿ ಒಂದು ಕೆಟ್ಟರೂ ಇನ್ನೊಂದು ಹಣ್ಣೆಲ್ಲ ತಿರುವಿ ಹಾಕಿದ ಹಾಗೆ. ನಾವು ಆಸ್ಪರ್ಟೇಮ್ ತಿಂದರೆ ಏನೂ ಆಗುವುದಿಲ್ಲ. ಅಂದರೆ ಆ ಜಗಲಿಯ ಮೇಲೆ ಒಂದೇ ಲೋಟದಿಂದ ಕುಡಿಯುತ್ತಿದ್ದ ಇಬ್ಬರಲ್ಲೂ ಬಹುಶಃ ಒಂದೇ ಜೀನ್ ಇತ್ತು. ಅಜ್ಜನಲ್ಲಿ ಒಂದು, ಮೊಮ್ಮಗಳಲ್ಲಿ ಎರಡು. ಇದನ್ನು ಹೇಳಿದಾಗ ಮಾವ ತುಂಬಾ ಹೊತ್ತು ಸುಮ್ಮನಿದ್ದು, "ಹಾಗಾದರೆ ನನ್ನಲ್ಲೂ ಇದೆ ಅನ್ನು" ಎಂದು ಅವಳನ್ನು ಹತ್ತಿರ ಎಳೆದುಕೊಂಡರು.

ಈ ಕಾಯಿಲೆ ಪತ್ತೆಯಾದದ್ದೇ ಒಬ್ಬ ತಾಯಿಯ ಹಟದಿಂದ. ನಾರ್ವೆಯಲ್ಲಿ ಇಬ್ಬರು ಮಕ್ಕಳ ಬುದ್ಧಿ ಬೆಳೆಯದೆ, ಅವರ ಮೂತ್ರಕ್ಕೆ ವಿಚಿತ್ರ ವಾಸನೆ ಯಾಕೆಂದು ಆಕೆ ಡಾಕ್ಟರಿಂದ ಡಾಕ್ಟರಿಗೆ ಅಲೆದಳು. 1934ರಲ್ಲಿ ಆಸ್‌ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯ ಆ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರಾಯಿತು. ಯಾಕೆ ಹಸಿರಾಯಿತೆಂದು ಬೆನ್ನು ಹತ್ತಿ ಹೋದದ್ದರಿಂದ ಕಾಯಿಲೆ ಹೊರಬಿತ್ತು. ಆ ಮಕ್ಕಳಿಗೆ ತಡವಾಗಿತ್ತು. ಫೀ ಕಡಿಮೆ ಮಾಡಿದ ಆಹಾರದಿಂದ ಗುಣ ಕಂಡದ್ದು 1953ರಲ್ಲಿ, ಹಿಮ್ಮಡಿಯ ರಕ್ತದ ಹನಿಯಿಂದ ಪತ್ತೆ ಮಾಡುವುದನ್ನು ರಾಬರ್ಟ್ ಗುತ್ರಿ ಕಂಡುಹಿಡಿದದ್ದು 1960ರ ದಶಕದ ಆರಂಭದಲ್ಲಿ. ಆ ನರ್ಸಿನ ಕೈಯಲ್ಲಿದ್ದ ಕಾಗದದ ಹಿಂದೆ ಇಷ್ಟು ಜನ ನಿಂತಿದ್ದರು.

ಮೂತ್ರದ ಬಣ್ಣದ ಕಥೆಯನ್ನು ಮಗಳಿಗೆ ಹೇಳಿದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಕೊಡಗಿನ ಮಕ್ಕಳಿಗೆ ಇದು ಗೊತ್ತು. ಆಗಸ್ಟ್ 3, ಆಟಿ ತಿಂಗಳ ಹದಿನೆಂಟನೇ ದಿನ, ಕೊಡವರ ಮನೆಗಳಲ್ಲಿ ಕಕ್ಕಡ ಪದಿನೆಟ್ಟ್. ಆ ದಿನ ಮದ್ದು ಸೊಪ್ಪು ಬೇಯಿಸಿ, ಕಡುನೇರಳೆ ನೀರು ಬಸಿದು, ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡುತ್ತೇವೆ. ಆ ಒಂದು ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಕೂಡಿರುತ್ತದೆ ಎನ್ನುವುದು ಹಿರಿಯರ ಮಾತು. ಮಾರನೇ ಬೆಳಿಗ್ಗೆ ಮೂತ್ರ ಕೆಂಪಗೆ ಬಂದರೆ ಮದ್ದು ಮೈಗೆ ಹತ್ತಿತು ಎಂದು ಲೆಕ್ಕ.

ಒಂದು ವರ್ಷ ಚಿಕ್ಕತ್ತೆ ಮಾವನ ಮೇಲಿನ ಅಕ್ಕರೆಗೆ ಇಡೀ ಪಾಯಸಕ್ಕೇ ಬಿಳಿ ಡಬ್ಬಿಯ ಗುಳಿಗೆ ಪುಡಿ ಮಾಡಿ ಹಾಕಿ ಕುದಿಸಿಬಿಟ್ಟರು. ಆಸ್ಪರ್ಟೇಮ್ ಬಹಳ ಹೊತ್ತು ಕುದಿದರೆ ಸಿಹಿ ಕೆಡುತ್ತದೆ, ಫೀ ಮಾತ್ರ ಪಾತ್ರೆಯಲ್ಲೇ ಉಳಿಯುತ್ತದೆ. ಆ ಪಾಯಸ ಅಜ್ಜನಿಗೂ ರುಚಿಸಲಿಲ್ಲ, ಮೊಮ್ಮಗಳಿಗೂ ದಕ್ಕಲಿಲ್ಲ. ಅಂದಿನಿಂದ ಪಾಯಸವನ್ನು ಸಪ್ಪೆಯಾಗಿಯೇ ಇಳಿಸುತ್ತೇವೆ. ಮಗಳ ಪಾಲಿಗೆ 20 ಗ್ರಾಂ ಅಕ್ಕಿ ತೂಗಿ, ಬೇರೆ ಪುಟ್ಟ ಪಾತ್ರೆಯಲ್ಲಿ. ಸಿಹಿ ಬೆರೆಸುವುದು ಊಟದ ಎಲೆಯ ಮುಂದೆ. ಬೆಲ್ಲದ ಪಾಕದ ಗಿಂಡಿ ಒಂದು ಕಡೆ, ಮಾವನ ಹೊಸ ಸುಕ್ರಲೋಸ್ ಹನಿಯ ಸೀಸೆ ಇನ್ನೊಂದು ಕಡೆ. ಅದನ್ನು ಆರಿಸಿದವಳು ಮಗಳೇ. ಸುಂಟಿಕೊಪ್ಪದ ಅಂಗಡಿಯಲ್ಲಿ ಸೀಸೆ ತಿರುಗಿಸಿ, ಬೆರಳಿಟ್ಟು, "955, ಒಂದೇ ಇದೆ, ಇದು ಇಬ್ಬರಿಗೂ ಆಗುತ್ತೆ ಅಜ್ಜ" ಅಂದಳು. ಮನೆಗೆ ಬಂದು ಬಿಳಿ ಪಟ್ಟಿ ಅಂಟಿಸಿ ಸ್ಕೆಚ್ ಪೆನ್ನಿನಲ್ಲಿ ‘ಅಜ್ಜನದು, ನಾನೂ ಕುಡಿಯಬಹುದು’ ಎಂದು ದಪ್ಪಕ್ಷರದಲ್ಲಿ ಬರೆದಳು. ತಳದ ಗುಟುಕು ಮತ್ತೆ ಶುರುವಾಗಿದೆ.

ಈ ವರ್ಷ ಆಟಿಯ ಹತ್ತೊಂಬತ್ತನೇ ಬೆಳಿಗ್ಗೆ ನಾನು ಒಲೆ ಹಚ್ಚುತ್ತಿದ್ದೆ. ಮಳೆ ಹೆಂಚಿನ ಮೇಲೆ ಸುರಿಯುತ್ತಿತ್ತು. ಬಚ್ಚಲಿನಿಂದ ಅವಳ ಕೂಗು ಕೇಳಿತು: "ಅಜ್ಜಾ, ನನಗೆ ಕೆಂಪು ಬಂತು! ನಿಮಗೆ?"

ಜಗಲಿಯಿಂದ ಮಾವ ಅಷ್ಟೇ ಜೋರಾಗಿ ಕೂಗಿದರು: "ನನಗೂ ಬಂತು ಮಗಾ!"